ಟೈಲ್ಸ್ ಮುಗಿದ ಜಾಗ

ಪಾಪ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ? ಎಂದಾದರೂ ಅಳೆದು ನೋಡಿದ್ದೀರಾ? ಒಬ್ಬ ಶ್ರೀಮಂತ ಅಳೆದ. ಕೇಳಿ.

ಅವನ ಮನೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿತ್ತು. ಬಸ್ಸಿಳಿದ ಗಂಡಸರು ನೆಟ್ಟಗೆ ಬಂದು ಅವನ ಕಾಂಪೌಂಡಿಗೆ ಮುಖ ಮಾಡಿ ಒಂದಕ್ಕೆ ನಿಲ್ಲುತ್ತಿದ್ದರು. ಬೋರ್ಡು ಹಾಕಿಸಿದ, ಬೈದ, ಕಾವಲಿಗೆ ಆಳನ್ನಿಟ್ಟ. ಆಳೂ ಅಲ್ಲೇ ನಿಂತ! ಕೊನೆಗೆ ಗೋಡೆಯುದ್ದಕ್ಕೂ ದೇವರ ಟೈಲ್ಸ್ ಅಂಟಿಸಿದ. ಗಣಪತಿ, ಲಕ್ಷ್ಮಿ, ಶಿಲುಬೆ, ದರ್ಗಾ. ಯಾರು ಯಾವ ಪಾಪಕ್ಕೆ ಹೆದರುತ್ತಾರೋ, ಒಂದನ್ನೂ ಬಿಡಬಾರದು ಎಂಬುದು ಅವನ ಲೆಕ್ಕ. ನೋಡಿ, ಮರುದಿನದಿಂದಲೇ ಗೋಡೆ ಒಣಗಿತು.

ಅವನಿಗೆ ಎಲ್ಲಿಲ್ಲದ ಆಶ್ಚರ್ಯ. ಪೊಲೀಸರಿಗೂ ಹೆದರದವರು ಅಂಗೈಯಗಲದ ಟೈಲ್ಸಿಗೆ ಹೆದರಿದರಲ್ಲ! ಮಹಡಿಯಿಂದ ಬಗ್ಗಿ ನೋಡಿದ. ಬಂದವರು ಭಕ್ತಿಯಿಂದ ಕೈಮುಗಿದರು, ಮುಂದೆ ಹೋಗಿ ಪಕ್ಕದ ಮನೆಯ ಗೋಡೆಗೆ ನಿಂತರು. ಪಕ್ಕದವನೂ ಟೈಲ್ಸ್ ತಂದ. ಅವನ ಪಕ್ಕದವನೂ ತಂದ. ಆ ವರ್ಷವೇ ಪುರಸಭೆ ಚುನಾವಣೆ ಬಂತು. "ನಿಮ್ ಗೋಡೆಗೂ ನಾನೇ ದೇವ್ರನ್ನ ತರ್ತೀನಿ" ಎಂದು ನಮ್ಮ ಶ್ರೀಮಂತ ಓಟು ಕೇಳಿದ, ಗೆದ್ದು ಮೆಂಬರಾದ.

ಬೀದಿಯ ಕೊನೆಯಲ್ಲಿ ಅಂಗನವಾಡಿ. ಅದರ ಗೋಡೆ ಯಾರದು? ಸರ್ಕಾರದ್ದು. ಸರ್ಕಾರದ್ದು ಅಂದರೆ ಯಾರದೂ ಅಲ್ಲ, ಅಲ್ಲವೇ? ಪೇಟೆಯ ಗಂಡಸರೆಲ್ಲ ಅಲ್ಲಿಗೆ ಬಂದರು. ವಾಸನೆಗೆ ಮಕ್ಕಳು ಊಟ ಮುಟ್ಟದಾದರು. ತಾಯಂದಿರು ಮಕ್ಕಳನ್ನು ಕಳಿಸುವುದನ್ನೇ ಬಿಡತೊಡಗಿದರು. ಹೀಗೇ ಆದರೆ ಅಂಗನವಾಡಿ ಮುಚ್ಚುತ್ತೇವೆ ಎಂದು ಮೇಲಿನವರು ಹೇಳಿ ಹೋದರು. ಅಲ್ಲಿ ಅಡುಗೆ ಮಾಡುವ ಸಹಾಯಕಿ ಮೆಂಬರ ಮನೆಗೆ ಬಂದಳು.

"ನಮ್ ಗೋಡೆಗೂ ನಾಕು ಟೈಲ್ಸ್ ಹಾಕ್ಸಿ ಸ್ವಾಮಿ."

"ಅಲ್ಲೂ ಹಾಕ್ಸಿದ್ರೆ ಜನ ಎಲ್ಲಿಗೆ ಹೋಗ್ಬೇಕಮ್ಮ?" ಎಂದು ನಕ್ಕು ಕಳಿಸಿದ.

ಒಂದು ಮಧ್ಯಾಹ್ನ ಮೆಂಬರಿಗೇ ಅವಸರವಾಯಿತು. ಸಕ್ಕರೆ ಕಾಯಿಲೆ, ತಡೆಯುವಂತಿಲ್ಲ. ಮನೆಗೆ ಬೀಗ, ಹೆಂಡತಿ ದೇವಸ್ಥಾನಕ್ಕೆ ಹೋಗಿದ್ದಾಳೆ! ತನ್ನ ಗೋಡೆಗೆ ನಿಲ್ಲೋಣವೆಂದರೆ ಗಣಪತಿ ನೋಡುತ್ತಿದ್ದಾನೆ. ಪಕ್ಕದಲ್ಲಿ ಲಕ್ಷ್ಮಿ. ಪಂಚೆ ಹಿಡಿದುಕೊಂಡು, ಒಂದೊಂದು ದೇವರಿಗೂ ಕೆನ್ನೆ ಬಡಿದುಕೊಳ್ಳುತ್ತ ಬೀದಿಯುದ್ದಕ್ಕೂ ಓಡಿದ. ಟೈಲ್ಸ್ ಮುಗಿದ ಜಾಗದಲ್ಲಿ ನಿಂತ. ಅಬ್ಬಾ ಎಂದ.

ತಲೆಯ ಮೇಲೆ ಕಿಟಕಿ ತೆರೆಯಿತು. ಅದೇ ಸಹಾಯಕಿ. ಅವಳ ಹಿಂದೆ ಮಕ್ಕಳು ತಟ್ಟೆಯ ಮುಂದೆ ಮೂಗು ಮುಚ್ಚಿಕೊಂಡು ಕೂತಿದ್ದರು. ಅವಳು ಬೈಯಲಿಲ್ಲ.

"ಪಾಪ ಆಗ್ಲಿಲ್ವಾ ಸ್ವಾಮಿ?"

"ಇಲ್ಲಿ ದೇವ್ರಿಲ್ವಲ್ಲಮ್ಮ" ಎಂದುಬಿಟ್ಟ. ಆಡಿದ ಮಾತು ತನಗೇ ಕೇಳಿಸಿತು. ಮಕ್ಕಳ ಕಡೆ ನೋಡಿದ. ಮುಖ ಸುಟ್ಟ ಬದನೆಕಾಯಿಯಾಯಿತು.

"ಹೋಗ್ಲಿ ಬಿಡಿ. ಬಸ್ ಸ್ಟ್ಯಾಂಡಲ್ಲಿ ಒಂದು ಶೌಚಾಲಯ ಕಟ್ಸೋಣ ಅಂತ ಒಂದಿನಾನೂ ಅನ್ನಿಸ್ಲಿಲ್ವಾ ನಿಮ್ಗೆ?"

ನೋಡಿ! ಅವಸರ ಎಲ್ಲರಿಗೂ ಇತ್ತು. ಓಟು ಕೇಳಿದವನಿಗೂ ಇತ್ತು, ಹಾಕಿದವರಿಗೂ ಇತ್ತು. ಪಾಪದ ಮಾತಿನಲ್ಲಿ ಎಲ್ಲರೂ ಅದನ್ನು ಮರೆತರು. ಮೆಂಬರು ನಾಚಿಕೊಂಡು ಶೌಚಾಲಯ ಕಟ್ಟಿಸಿದ. ಅಂಗನವಾಡಿ ಉಳಿಯಿತು. ಮುಂದಿನ ಚುನಾವಣೆಯಲ್ಲಿ ಏನಾಯಿತು ಗೊತ್ತೇ? ಅವನು ಸೋತ. ಗೆದ್ದವನು ಇನ್ನೂ ದೊಡ್ಡ ಟೈಲ್ಸ್ ಕೊಡುತ್ತೇನೆ ಎಂದಿದ್ದ!

ಅವನಿಗೆ ಓಟು ಹಾಕಿದವರು ಯಾರು? ಆಚೆಯೂರಿನವರೇ? ನಾವೇ, ತಾಯಂದಿರೇ, ಅಪ್ಪಂದಿರೇ, ನಾವೇ. ನಾಳೆ ಯಾರಾದರೂ ಅದು ಪಾಪ, ಇವರು ಪಾಪಿಗಳು ಎಂದು ಓಟು ಕೇಳಿಕೊಂಡು ಬಂದರೆ ಕೂರಿಸಿ, ನೀರು ಕೊಡಿ. ಆಮೇಲೆ ಕೇಳಿ, ಶೌಚಾಲಯ ಎಲ್ಲಪ್ಪ?

ಇನ್ನೊಂದು ಮಾತು. ಕಥೆ ಮುಗಿಯಿತು ಎಂದು ಈಗ ಏಳುವವರಲ್ಲಿ ಅರ್ಧ ಜನ ಈ ಪೆಂಡಾಲಿನ ಹಿಂದಕ್ಕೆ ಹೋಗುತ್ತೀರಿ, ಗೊತ್ತು. ಅಲ್ಲೊಂದು ಗೋಡೆಯಿದೆ, ಟೈಲ್ಸ್ ಇಲ್ಲ. ಆ ಗೋಡೆಯಾಚೆ ಒಬ್ಬ ತಾಯಿ ರಾತ್ರಿಯ ಅಡುಗೆಗೆ ಅಕ್ಕಿ ತೊಳೆಯುತ್ತಿದ್ದಾಳೆ. ಶೌಚಾಲಯ ಸ್ವಲ್ಪ ದೂರದಲ್ಲಿದೆ. ನಡೆಯಿರಿ.