ಎಲಿಸೊಳ ಗುಡಾಣ

...ಮೊದಲು ಆ ಸಲಿಕೆ ಕೆಳಗಿಡು ಎಲಿಸೊ! ಕೂತ್ಕೋ. ಕುತ್ತಿಗೆವರೆಗೆ ನೆಲದಲ್ಲಿ ಹೂತಿರೋ ಆಳೆತ್ತರದ ವೈನ್ ಗುಡಾಣ, ಎಲ್ಲಿಗೆ ಓಡಿಹೋಗುತ್ತೆ? ಏನು? ಯಾಕೆ ಇಷ್ಟು ಗಟ್ಟಿಯಾಗಿ ಮಾತಾಡ್ತೀಯ ಅಂತೀಯಾ? ದ್ರಾಕ್ಷಿ ಸೀಮೆ ಕಾಖೇತಿಯ ಗಂಡಸು ಕಣೇ ನಿನ್ನ ಚಿಕ್ಕಪ್ಪ! ಪಿಸುಗುಟ್ಟಿ ಯಾರಾದ್ರೂ ವೈನ್ ಮಾರಿದ್ದಾರಾ?

ಗೊತ್ತು, ಗೊತ್ತು. ನಾಳೆ ನಿನ್ನ ಮದುವೆ. ನೀನು ಹುಟ್ಟಿದ ವರ್ಷ ನಿಮ್ಮಪ್ಪ ತಾನೇ ದ್ರಾಕ್ಷಿ ತುಳಿದು, ತುಂಬಿಸಿ, ಬಾಯಿಗೆ ಮಣ್ಣು ಮೆತ್ತಿದ ಗುಡಾಣ. ಮದುವೆ ದಿನ ಬೀಗರೆದುರೇ ತೆಗೀಬೇಕು. ನಿಮ್ಮಪ್ಪ ಜುಂಬೆರ್ ಇದ್ದಿದ್ರೆ ಮೊದಲ ಬಟ್ಟಲು ಅವನೇ ಮೊಗೆದು ಕೊಡ್ತಿದ್ದ. ಅವನಿಲ್ಲ, ಅಣ್ಣನ ಬದಲು ನಾನು ಕೊಡ್ತೀನಿ. ನಾಳೆ! ಇವತ್ತೇ ತೆಗೆದು ರುಚಿ ನೋಡ್ತೀನಿ ಅಂತ ಯಾವ ಮದುಮಗಳು ಹಟ ಹಿಡೀತಾಳೆ?

ಹುಳಿ ಬಂದಿದ್ರೆ ಅಂತ ಭಯವಾ? ಹೌದು, ಗುಡಾಣ ಹುಳಿ ಅಂದ್ರೆ ಮನೆತನಾನೇ ಹುಳಿ ಅಂತ ಎದ್ದು ಹೋಗೋ ಜನ ಇದ್ದಾರೆ, ಅದರಲ್ಲೂ ಬೆಟ್ಟದಾಚೆ ಇಮೆರೇತಿಯಿಂದ ಬರೋ ನಿನ್ನ ಬೀಗರು... ಆದ್ರೆ ಹುಳಿ ಬಂದಿಲ್ಲ. ನನಗೆ ಹೇಗೆ ಗೊತ್ತು ಅಂತೀಯಾ? ಹೇ... ವಾಸನೆ! ಮೂಗಿದೆ ನಂಗೆ.

ಕೂತ್ಕೋ ಅಂದ್ನಲ್ಲ. ಬೀಗರು ನಮ್ಮ ಮನೆತನದ ಚರಿತ್ರೆ ಕೇಳ್ತಾರೆ, ಕೇಳಿಸ್ಕೋ. ನಿನ್ನ ಮುತ್ತಜ್ಜ ಮೊದಲು ಗುಡಾಣಗಳನ್ನ ಹೂತ, ಆಮೇಲೆ ಅದರ ಸುತ್ತ ಮನೆ ಕಟ್ಟಿದ. ಕಟ್ಟಿ ಮುಗಿಸಿದ ಮೇಲೆ ನೋಡ್ತಾನೆ, ಮಲಗೋಕೆ ಕೋಣೇನೇ ಇಲ್ಲ! ಮುತ್ತಜ್ಜಿ ಒಂದು ಚಳಿಗಾಲ ಪೂರ್ತಿ ಕುರಿಗಳ ಜೊತೆ ಮಲಗಿದ್ಲು. ಆಮೇಲೆ ಸೋವಿಯತ್ತಿನವರು ಬಂದ್ರು, ಎಲ್ಲಾ ಸರ್ಕಾರದ್ದು ಅಂದ್ರು, ನಿಮ್ಮಜ್ಜನ್ನೇ ಕಾವಲಿಗೆ ಇಟ್ರು. ಅವನು ರಾತ್ರಿ ತನ್ನ ವೈನ್ ತಾನೇ ಕದೀತಿದ್ದ, ಬೆಳಿಗ್ಗೆ ತನ್ನನ್ನ ತಾನೇ ಹಿಡೀತಿದ್ದ, ಇನ್ನೊಂದ್ಸಲ ಹೀಗಾದ್ರೆ ಹುಷಾರ್ ಅಂತ ತನಗೇ ಬೈದು ಬಿಟ್ಟುಬಿಡ್ತಿದ್ದ! ಕುಡಿತ ನಿಲ್ಲಿಸಿ ಅಂತ ಅಧಿಕಾರಿಯೊಬ್ಬ ಬಂದಾಗ ಗುಡಾಣದ ಬಾಯಿ ಮೇಲೆ ಹಸು ಕಟ್ಟಿದ. ಘಾಟಿಗೆ ಹಸುಗೆ ಅಮಲೇರಿ, ಆ ಅಧಿಕಾರಿ ಹಿಂದೇನೇ ಜಿಲ್ಲಾ ಕಚೇರಿವರೆಗೂ...

ಹಾಂ, ನಕ್ಕೆಯಲ್ಲ! ನಗ್ತಾ ಇರು.

ಯಾವ ಬೂಟು? ಓ, ಅದಾ... ನಲ್ಲಿ ರಿಪೇರಿಯವನದು. ಹೌದು, ದೊಡ್ಡ ಕಾಲು. ಬರಿಗಾಲಲ್ಲಿ ಹೋದ.

ಆಮೇಲೆ ನಾನು. ನಿಮ್ಮಪ್ಪ ಹೋದ ಮೇಲೆ ಯೋಚನೆ ಮಾಡ್ದೆ. ವೈನ್ ಮಾರಿದ್ರೆ ಒಂದ್ಸಲ ದುಡ್ಡು. ವೈನ್ ಇರೋ ಜಾಗ ಬಾಡಿಗೆಗೆ ಕೊಟ್ರೆ ದಿನಾ ದುಡ್ಡು! ರೆಸಾರ್ಟ್ ಮಾಡ್ದೆ. ಆಗ ಊರೆಲ್ಲಾ ನಕ್ತು. ಈಗ? ನಾವು ಕೂಲಿ ಕೊಟ್ಟು ದ್ರಾಕ್ಷಿ ತುಳಿಸ್ತಿದ್ವಿ, ಈಗ ತುಳಿಯೋರೇ ನಮಗೆ ಕೊಡ್ತಾರೆ. ಫೆಬ್ರವರಿಯಲ್ಲಿ ಬಂದವರಿಗೆ ದ್ರಾಕ್ಷಿ ಎಲ್ಲಿಂದ ತರ್ಲಿ? ಬೀಟ್‌ರೂಟ್ ಬೇಯಿಸಿ ಹಾಕ್ದೆ. ತುಳಿದ್ರು, ಕುಣಿದ್ರು, ಕೆಂಪು ಕಾಲಿನ ಫೋಟೋ ತೆಗೆಸ್ಕೊಂಡ್ರು! ಬಂದವರೆಲ್ಲಾ ಕೇಳೋದು ಒಂದೇ: ನಿಜವಾದ ಹಳೇದು ಏನಾದ್ರೂ ಇದೆಯಾ? ಯಾರೂ ನೋಡದೇ ಇರೋ ಜಾಗ, ಯಾರೂ ಕುಡೀದೇ ಇರೋ... ಹೋಗ್ಲಿ ಬಿಡು.

ಆ ಕೊಳವೆ ಮುಟ್ಬೇಡ! ಅದು... ನೆಲಕ್ಕೆ ಗಾಳಿ ಬೇಕಲ್ಲ. ಈಗೆಲ್ಲಾ ಹಾಗೇನೇ ಮಾಡೋದು.

ಯಾಕೆ ಸುಮ್ಮನಾದೆ?

ಎಲಿಸೊ, ಮಾತಾಡು. ನಿನ್ನ ಹುಡುಗನ ವಿಷಯ ಹೇಳು. ಬೇಡ್ವಾ? ಬೈಯಿ ಹಾಗಾದ್ರೆ! ಬಾಯಿಗೆ ಬಂದಂಗೆ ಬೈಯಿ. ಹಾಗೆ ಕಿವಿಗೊಟ್ಟು ಕೂರ್ಬೇಡ ಮಗಳೇ...

ಅದಾ? ಗುರ್... ಗುರ್... ಅಂತ? ವೈನು! ಹುದುಗ್ತಾ ಇದೆ.

ಸರಿ. ಇಷ್ಟು ವರ್ಷ ಆದ ಮೇಲೆ ವೈನು ಹುದುಗಲ್ಲ. ಹುದುಗಿದ್ರೂ ಗೊರಕೆ ಹೊಡೆಯಲ್ಲ. ನೀನು ಜುಂಬೆರ್ ಮಗಳು, ನಿನಗೇನು ಹೇಳೋದು.

ಮೆಲ್ಲಗೆ! ಗುಡಾಣದ ಬಾಯಿ ಮೇಲಿನ ಚಾಪೆ ಮೆಲ್ಲಗೆ ಸರಿಸು, ಅವನ ತಲೆ ಅಲ್ಲೇ ಕೆಳಗಿದೆ. ಹಾಲೆಂಡಿನವನು. ಊಟ ಆದ ಮೇಲೆ ಸ್ವಲ್ಪ ಮಲಗ್ತಾನೆ. ನಮ್ಮಲ್ಲಿ ಎಲ್ಲಕ್ಕಿಂತ ದುಬಾರಿ ಕೋಣೆ ಈ ಗುಡಾಣಾನೇ... ಚಳಿಗಾಲದವರೆಗೂ ಬುಕಿಂಗ್ ತುಂಬಿದೆ... ಒಳಗೆ ಮನುಷ್ಯ ಮಲಗ್ಬೇಕು ಅಂದ್ರೆ ಮೊದಲು ಖಾಲಿ ಆಗ್ಬೇಕಲ್ವಾ?

ಯಾರು ಕುಡಿದ್ರು ಅಂತ ಕೇಳ್ಬೇಡ. ಹಾಗೆ ನೋಡ್ಬೇಡ. ಥೇಟ್ ನಿಮ್ಮಪ್ಪನ ನೋಟ ಅದು.

ನಾಳೇದು ಯೋಚನೆ ಮಾಡ್ಬೇಡ, ಮರ್ಯಾದೆ ಹೋಗೋಕೆ ಬಿಡ್ತೀನಾ? ಬೀಗರೆದುರು ನಾನು ಉದ್ದ ಸೌಟು ಒಳಗೆ ಇಳಿಸ್ತೀನಿ, ಕೆಳಗೆ ಇವನು ಕೂತು ಬಾಟಲಿಯಿಂದ ತುಂಬಿಸಿ ಕೊಡ್ತಾನೆ. ಕಾಖೇತಿಯ ಮದುವೇಲಿ ಗುಡಾಣದೊಳಗೆ ಹೆಣ್ಣಿನ ಅಪ್ಪನ ಜಾಗದಲ್ಲಿ ಒಬ್ಬ ಕೂರ್ಲೇಬೇಕು, ಅದು ದೊಡ್ಡ ಗೌರವ ಅಂತ ಇವನಿಗೆ ಹೇಳಿದ್ದೀನಿ. ಪಾಪ, ಕಣ್ಣಲ್ಲಿ ನೀರು ಹಾಕ್ಕೊಂಡ... ಅದಕ್ಕೆ ಬೇರೆ ದುಡ್ಡೂ ಕೊಟ್ಟ.