ವಸಡೂ ಬೀಗದ ಕೈಯೂ

ಹಲ್ಲು ಕೀಳಿಸಿಕೊಂಡು ದಂತವೈದ್ಯರ ಕೋಣೆಯ ಹೊರಗೆ ಹತ್ತಿ ಕಚ್ಚಿ ಕೂತಿದ್ದ ದರ್ಜಿಗೆ ಬಾಯಿ ಬಿಡುವಂತಿರಲಿಲ್ಲ. ಕಿವಿಗೆ ಮಾತ್ರ ಬಿಡುವಿತ್ತು. ಪಕ್ಕದ ಬೆಂಚಿನಲ್ಲಿ ವಯಸ್ಸಾದ ಗಂಡ ಹೆಂಡತಿ.

“ಅದೇ ಊಟ, ಅದೇ ಮಾತ್ರೆ. ನಿನ್ನ ಶುಗರ್ ಹೇಗೆ ಇಳೀತೇ?”

“ವಸಡೊಳಗಿನ ಕೊಳೆಯೆಲ್ಲ ತೆಗೆದ್ರಲ್ಲ, ಅದರಿಂದಲೂ ಇರಬಹುದು ಅಂದ್ರು ಡಾಕ್ಟ್ರು.”

“ವಸಡಿಗೂ ಶುಗರ್‌ಗೂ ಏನು ಸಂಬಂಧ?”

“ಶುಗರ್ ಏರಿದ್ರೆ ವಸಡು ಕೆಡುತ್ತಂತೆ. ವಸಡು ಕೆಟ್ರೆ ಶುಗರ್ ಹತೋಟಿಗೆ ಬರೋದು ಕಷ್ಟವಂತೆ. ಒಂದರ ಬೆಂಕಿಗೆ ಇನ್ನೊಂದು ತುಪ್ಪ ಸುರಿಯುತ್ತೆ.”

“ಹಾಗಾದ್ರೆ ನೀನು ಕದ್ದು ತಿಂತಿರಲಿಲ್ವಾ?”

“ಬಡ್ಕೊಂಡೆ ನಾನು. ನೀವು ಮೊಮ್ಮಕ್ಕಳ ಎದುರಿಗೇ ಸಕ್ಕರೆ ಕಪಾಟಿಗೆ ಬೀಗ ಜಡಿದ್ರಿ.”

ದರ್ಜಿ ಗೋಡೆಯ ಮೇಲಿನ ದವಡೆಯ ಚಿತ್ರವನ್ನು ಬಲು ಗಮನದಿಂದ ನೋಡತೊಡಗಿದ.

“ತಪ್ಪಾಯ್ತು ಕಣೇ. ಮನೆಗೆ ಹೋದ ತಕ್ಷಣ ಬೀಗ ತೆಗೀತೀನಿ.”

“ಬೀಗ ಇರಲಿ. ಬೀಗದ ಕೈ ಇಲ್ಲಿ ಕೊಡಿ.”

“ಯಾಕೆ?”

“ಬೆಳಿಗ್ಗೆ ಹಲ್ಲುಜ್ಜಿ ಉಗಿಯೋವಾಗ ನಿಮ್ಮ ಉಗುಳೂ ಕೆಂಪಗಿರುತ್ತೆ. ನೋಡಿಲ್ಲ ಅಂದ್ಕೊಂಡ್ರಾ?”

ಅಷ್ಟರಲ್ಲಿ ಬಾಗಿಲು ತೆರೆದು ನರ್ಸ್ ಮುಂದಿನವರನ್ನು ಕರೆದಳು.

“ಹೋಗು, ನಿನ್ನನ್ನೇ ಕರೀತಿದಾರೆ.”

“ನನ್ನ ಕೊನೇ ತಪಾಸಣೆ ಹೋದ ವಾರವೇ ಮುಗೀತು. ಇವತ್ತು ಬರೆಸಿರೋದು ನಿಮ್ಮ ಹೆಸರು. ಏಳಿ.”

ಗಂಡ ಜೇಬಿನಿಂದ ಬೀಗದ ಕೈ ತೆಗೆದು ಹೆಂಡತಿಯ ಅಂಗೈಯಲ್ಲಿಟ್ಟು, ತುಟಿ ಬಿಗಿದುಕೊಂಡು ಒಳಗೆ ನಡೆದ.