ಗಿಡ ಅಂದ್ರ ಗಿಡಾನ

ಅಲ್ರೋ, ನಗಾಕ ಏನೈತಿ ಇದ್ರಾಗ? ನಿಮ್ಮ ಸಣ್ಣ ಮುತ್ಯಾ, ಅಂದ್ರ ನನ್ನ ಮೈದುನ ಚನ್ನಪ್ಪ, ಬಂದಾಗೊಮ್ಮೆ ಇದನ್ನ ಚ್ಯಾಷ್ಟಿ ಮಾಡಿ ಹೇಳತಾನ, ನೀವು ಹಲ್ಲ ಕಿಸಿತೀರಿ. ಅವತ್ತ ಶಾಂತವ್ವನ ಜೀವ ಹೋಗೂದಿತ್ತು, ಗೊತ್ತೈತೇನು? ನಮ್ಮ ಇಟ್ಟಂಗಿಹಾಳದ ಹೊಲದ ಬದುವಿನ್ಯಾಗ ಒಂದು ಬೇವಿನ ಗಿಡ ಇತ್ತು. ಇಬ್ಬರು ತೆಕ್ಕಿ ಹಾಯ್ದ್ರೂ ಸಿಗತಿರಲಿಲ್ಲ, ಅಷ್ಟು ದಪ್ಪ. ಆದ್ರ ಒಳಗ ಗೆದ್ದಲ ತಿಂದು ಪೊಳ್ಳಾಗಿತ್ತು, ಕಟ್ಟಿಗಿಲೆ ಬಡಿದ್ರ ಡೊಳ್ಳಿನ ಸಪ್ಪಳ. ಮತ್ತ ಅದು ವಾಲಿದ್ದು ಯಾವ ಕಡೆ? ನಮ್ಮ ಹೊಲ ನೋಡಿಕೊಳ್ಳೋ ಶಾಂತವ್ವನ ತಗಡಿನ ಪತ್ರಾಸ ಹೊದಿಸಿದ ಮನಿ ಮ್ಯಾಲ. ಒಂದು ಜೋರು ಗಾಳಿ ಬೀಸಿದ್ರ ಮುಗೀತು. ನಾ ಹೋದಾಗೊಮ್ಮೆ ಹುರಿಗೆ ಕಲ್ಲು ಕಟ್ಟಿ ಇಳಿಬಿಟ್ಟು, ಎಷ್ಟು ವಾಲೇತಿ ಅಂತ ಅಳದು ಬರದಿಡತಿದ್ನಿ. ಚನ್ನಪ್ಪ ನೋಡಿ ನಗಾಂವ. "ವೈನಿ, ನೀವು ಬಿ.ಎ. ಓದೀರಿ, ಗಿಡಾ ಓದಿಲ್ಲ." ಓದೇನೋ ಇಲ್ಲೋ! ಟಿಕೋಟಾದಿಂದ ಬಸ್ಸಿನ್ಯಾಗ ವಿಜಾಪುರಕ್ಕ ದಿನಾ ಹೋಗಿ ಡಿಗ್ರಿ ಮಾಡಿದಾಕಿ ನಾ. ಇರಲಿ, ಎಲ್ಲಿದ್ನಿ? ಹಾಂ, ಗಿಡ.

ಕಡಿಸೂದು ಅಂದ್ರ ಸುಮ್ಮನ ಕೊಡ್ಲಿ ಹಾಕೂದಲ್ಲ, ಅರಣ್ಯ ಇಲಾಖೆ ಪರವಾನಗಿ ಬೇಕು. ಅರ್ಜಿ ಬರದ್ನಿ, ಸ್ವಚ್ಛ ಅಕ್ಷರದಾಗ, ಅಪಾಯದ ಬೇವಿನ ಗಿಡ ಕಡಿಯಾಕ ಅನುಮತಿ ಕೊಡ್ರಿ ಅಂತ. ಉತ್ತರಾನ ಇಲ್ಲ. ಫೋನ್ ಹಚ್ಚಿದ್ನಿ. ಆ ಕಡೆ ಮೈಸೂರು ಸೀಮಿಯಿಂದ ಹೊಸದಾಗಿ ಬಂದ ಸಾಹೇಬ. "ಅಮ್ಮಾ, ಗಿಡ ತಾನೇ? ಕಿತ್ತು ಬಿಸಾಕಿ. ಅದಕ್ಕೆಲ್ಲ ಪರ್ಮಿಷನ್ ಯಾಕೆ?" "ಕೀಳೂದು? ಬರ್ರಿ, ನೀವ ಕಿತ್ತು ತೋರಸ್ರಿ! ಇಬ್ಬರ ತೆಕ್ಕಿಗೆ ಸಿಗಂಗಿಲ್ಲ ಅದು!" "ಹಾಗಾದ್ರೆ ಅದು ಮರ ಅಮ್ಮಾ. ಮರ ಅಂತ ಬರೀರಿ. ಗಿಡ ಅಂದ್ರೆ ತುಳಸಿ, ಗುಲಾಬಿ." ನೋಡ್ರಿ, ಹುಟ್ಟಿದಾಗಿಂದ ನಾ ಗಿಡ ಅಂದಿದ್ದು ಗಿಡ ಅಲ್ಲಂತ! ಮತ್ತ ಬರದ್ನಿ, ಮರ ಅಂತ. ನೋಡಾಕ ಬಂದ್ರು, ಹೋದ್ರು, ಫೋಟೋ ಸರಿಯಿಲ್ಲ ಅಂದ್ರು, ಮತ್ತ ಬಾ ಅಂದ್ರು. ಎಲ್ಲಾರ ಮುಂದೂ ಮರ, ಮರ, ಮರ. ನನ್ನ ನಾಲಿಗಿ ಅದನ್ನ ಕಲ್ತಬಿಡ್ತು. ಇತ್ತ ಶಾಂತವ್ವಂದು ಬ್ಯಾರೆ. ಪುಸ್ತಕದಾಗ ಮೊರ ಅಂತಾರಲ್ಲ, ಕಾಳು ಕೇರೂದು, ಅದಕ್ಕ ನಮ್ಮ ಕಡೆ ಮರ ಅಂತೀವಲ್ಲ. "ಅವ್ವಾರ, ಮರ ಕಡಿಯಾಕ ಸಾಹೇಬರು ಯಾಕ್ರಿ? ನನ್ನ ಮರಾ ಹಳೇದಾಗೈತಿ ಖರೇ, ಆದ್ರ ಇನ್ನಾ ಜ್ವಾಳ ಕೇರತೈತ್ರಿ" ಅಂತ ಸೆರಗ ಬಾಯಿಗಿಟ್ಟು ನಗಾಕಿ.

ಅಂತೂ ಪರವಾನಗಿ ಬಂತು. ಕಡಿಯೋ ದಿನ ನಾ ಮೊದ್ಲ ಹೇಳಿದ್ನಿ, "ಚನ್ನಪ್ಪಾ, ಮನಿ ಕಡೆ ಟೊಂಗಿ ಎಲ್ಲಾ ಮೊದ್ಲ ಇಳಸು. ಹೊಲದ ಕಡೆ ಹಗ್ಗ ಕಟ್ಟಿ ಟ್ರ್ಯಾಕ್ಟರಿಗೆ ಬಿಗಿ. ಆಮ್ಯಾಲ ಬುಡಕ್ಕ ಮಷಿನ್ ಹಚ್ಚು. ಪೊಳ್ಳು ಗಿಡ, ಯಾವಾಗ ಮುರೀತೈತೋ ಹೇಳಾಕ ಬರಂಗಿಲ್ಲ." "ಆತ್ರಿ ವೈನಿ, ಆತು." ಆತು ಅಂದಾಂವ ಎರಡು ಟೊಂಗಿ ಇಳಿಸಿ, ಬಿಸಲ ಏರಾಕತ್ತೈತಿ ಅಂತ ಬುಡಕ್ಕ ಮಷಿನ್ ಹಚ್ಚಿಸಿದ. ಹಗ್ಗ ಕಟ್ಟಿದ್ರು, ಇಲ್ಲನ್ನಂಗಿಲ್ಲ, ಆದ್ರ ಟ್ರ್ಯಾಕ್ಟರ್ ಚಾಲೂನ ಆಗಿರಲಿಲ್ಲ. ಶಾಂತವ್ವನ ಸಾಮಾನೆಲ್ಲಾ ನಾನ ನಿಂತು ಹೊರಗ ಹಾಕ್ಸಿ, ಅಕಿನ್ನ ದೂರ ಬಾಂವಿ ಕಟ್ಟಿ ಮ್ಯಾಲ ಕುಂಡ್ರಿಸಿದ್ನಿ. ಅಷ್ಟರಾಗ ಅಕಿ ಆಡು ಹಗ್ಗ ಬಿಚ್ಚಿಕೊಂಡು ಅಂಗಳಕ್ಕ ಓಡ್ತು, ಅದರ ಹಿಂದ ಇಕಿನೂ. ಮಷಿನ್ ಪೊಳ್ಳಿಗೆ ಮುಟ್ಟಿದ್ದ ತಡ, ಚಟ್ ಅಂತು. ಗಿಡ ಮನಿ ಕಡೆ ತಿರಗಾಕತ್ತು. ನಾ ಒದರಿದ್ನಿ, "ಮರ! ಶಾಂತವ್ವಾ, ಮರ! ಮರ!" ಅಕಿ ನಿಂತ್ಲು, ನನ್ನ ಮಾರಿ ನೋಡಿದ್ಲು, ಸೀದಾ ಮನಿ ಒಳಗ ಹೊಕ್ಕಳು! ಒಲಿ ಮಗ್ಗಲ ಜ್ವಾಳದ ಮರ ಒಂದು ಬಿಟ್ಟು ಬಂದಿದ್ಲಂತ. "ಏ ಗಿಡಬೇ, ಗಿಡ! ಗಿಡ ಬೀಳಾಕತ್ತೈತಿ, ಹೊರಗ ಬಾ!" ಅಕಿ ಹೊರಗ ಜಿಗಿದಿದ್ದಕ್ಕೂ ಪತ್ರಾಸ ಚಪ್ಪಟಿ ಆಗಿದ್ದಕ್ಕೂ ಸರಿಹೋತು. ಧೂಳ ಇಳಿದ ಮ್ಯಾಲ ನೋಡತೀನಿ, ನಿಂತಾಳ, ಕೈಯಾಗ ಮರಾ, ಮರದಾಗ ಜ್ವಾಳ. "ನೀವ ಮರಾ ಅಂದ್ರಲ್ರಿ ಅವ್ವಾರ" ಅಂದ್ಲು.

ಚನ್ನಪ್ಪಗ ಅವಾಗೂ ನಗಿ. "ವೈನಿ, ಮನಿ ಹೋತು, ಮರ ಉಳೀತು." "ಟೊಂಗಿ ಇಳಿಸಿದ್ರ ಮನಿನೂ ಉಳಿತಿತ್ತಲೋ ಭಾಡ್ಯಾ!" ಅಂದ್ನಿ. ಹೊಸ ಮನಿ ಅವನ ಕಡಿಂದನ ಕಟ್ಟಿಸಿದ್ನಿ, ಆ ಮಾತು ಬ್ಯಾರೆ. ನೀವು ಇಷ್ಟು ತಿಳಕೋರಿ. ಅರ್ಜಿಯಾಗ ಸಾಹೇಬರಿಗೆ ಬೇಕಾದ್ದು ಬರೀರಿ, ಜೀವದ ಹೊತ್ತಿನ್ಯಾಗ ಮಾತ್ರ ಎದುರಿಗಿದ್ದಾಕಿಗೆ ತಿಳಿಯೂಹಂಗ ಒದರ್ರಿ. ಏಳ್ರಿ ಈಗ, ಹಪ್ಪಳ ಒಳಗ ತರೂದೈತಿ.